ತಗಡಿನ ಇಂಜಿನ್, ಮುಧೋಳದ ಫರ್ಮಾನು ಮತ್ತು ಕುಮಾರಿಲ ಭಟ್ಟ

ಜಮಖಂಡಿ, ಮುಧೋಳ ಸೀಮೆಯಲ್ಲಿ ರೈಲಿನ ಸುದ್ದಿ ಹಳೆಯದು, ರೈಲು ಮಾತ್ರ ಹೊಸದು. 2010-11ರ ಬಜೆಟ್ಟಿನಲ್ಲಿ ಮಂಜೂರಾದ ಬಾಗಲಕೋಟೆ–ಕುಡಚಿ ಮಾರ್ಗದ ಉದ್ದ 142 ಕಿಲೋಮೀಟರ್. ಧರಣಿ, ಮನವಿ, ನಿಯೋಗಗಳ ನಡುವೆ ಹಳಿ ಆಮೆಯ ನಡಿಗೆಯಲ್ಲಿ ಮುಂದೆ ಸಾಗಿದೆ. ಈ ಕಡೆಯ ಮಕ್ಕಳಿಗೆ ಇಂಜಿನ್ ತೋರಿಸಬೇಕೆಂದರೆ ಬಾಗಲಕೋಟೆಗೋ ಕುಡಚಿಗೋ ಕರೆದೊಯ್ಯುವುದೇ ರೂಢಿಯಾಗಿತ್ತು.

ಇಂಥ ಸೀಮೆಯ ಹಳೆಯ ವಾಡೆಯೊಂದರ ಅಟ್ಟದಲ್ಲಿ, ಹರಿದ ರಟ್ಟಿನ ಪೆಟ್ಟಿಗೆಯೊಳಗೆ, ಕೀಲಿ ಕೊಟ್ಟರೆ ಓಡುವ ತಗಡಿನ ಇಂಜಿನ್ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಕಲ್ಪನೆ ತೀರ ದೂರದ್ದೇನಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಎರಡೂ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಸಂಸ್ಥಾನಿಕರ ಮನೆಗೆ ವಿಲಾಯತಿ ಆಟಿಕೆ ಬರುತ್ತಿದ್ದ ಕಾಲ ಅದು. ಗ್ವಾಲಿಯರ್‌ನ ಸಿಂಧಿಯಾ ಅರಮನೆಯಲ್ಲಂತೂ ಊಟದ ಮೇಜಿನ ಮೇಲೆ ಬೆಳ್ಳಿಯ ರೈಲು ಓಡಾಡಿ ಅತಿಥಿಗಳಿಗೆ ಮದ್ಯ, ಸಿಗಾರ್ ಮುಟ್ಟಿಸುತ್ತಿತ್ತು. ಅಟ್ಟದಲ್ಲಿ ಸಿಕ್ಕ ಇಂಜಿನ್ನಿನ ಮೇಲೆ ಹಾರ್ನ್‌ಬಿ ಎಂಬ ಹೆಸರಿದೆ. ಲಿವರ್‌ಪೂಲ್‌ನ ಮೆಕ್ಯಾನೊ ಕಂಪನಿಯ ಫ್ರ್ಯಾಂಕ್ ಹಾರ್ನ್‌ಬಿ ಇಂಥ ರೈಲುಗಳನ್ನು ಮಾರಾಟಕ್ಕೆ ತಂದದ್ದು 1920ರಲ್ಲಿ. ಮನೆಯವರು ‘ನಮ್ಮ ಮುತ್ತ್ಯಾನ ಕಾಲದ್ದರಿ’ ಎನ್ನುತ್ತಾರೆ. ಕೊಳ್ಳಲು ಬಂದವನು ‘ಅದಕ್ಕ ಏನ ಪುರಾವೆ?’ ಎನ್ನುತ್ತಾನೆ.

ಅಸಲಿ ಎಂದು ಮಾರುವವನು ತೋರಿಸಬೇಕೋ, ನಕಲಿ ಎಂದು ಕೊಳ್ಳುವವನು ತೋರಿಸಬೇಕೋ? ಹಳೆಯ ಸಾಮಾನಿನ ಅಂಗಡಿಯ ಈ ತಕರಾರಿನ ಮೇಲೆ ಭಾರತದ ದಾರ್ಶನಿಕರು ಸಾವಿರ ವರ್ಷಕ್ಕೂ ಮೇಲ್ಪಟ್ಟು ವಾದ ಮಾಡಿದ್ದಾರೆ. ಆಟಿಕೆಯ ಬಗ್ಗೆ ಅಲ್ಲ, ವೇದದ ಬಗ್ಗೆ. ವಾದದ ಕಟ್ಟು ಮಾತ್ರ ಇದೇ.

ಬಲ್ಲವರು ಇಂಥ ಇಂಜಿನ್ನನ್ನು ಪರೀಕ್ಷಿಸುವ ರೀತಿಯನ್ನು ಮೊದಲು ನೋಡಬೇಕು. ಅವರು ಹೆಸರು, ಬಣ್ಣ, ಬಂಗಾರದ ಗೆರೆಗಳಿಗೆ ಮನಸೋಲುವುದಿಲ್ಲ. ಮಗುಚಿ ಹೊಟ್ಟೆ ನೋಡುತ್ತಾರೆ. ಅಲ್ಲಿರುವವು ಒಂದೇ ಗೀಟಿನ ಸ್ಕ್ರೂಗಳೋ, ಸ್ಟಾರ್ ಸ್ಕ್ರೂಗಳೋ? ಅಮೆರಿಕದ ಹೆನ್ರಿ ಫಿಲಿಪ್ಸ್ ಹೆಸರಿನ ಸ್ಟಾರ್ ಸ್ಕ್ರೂ ಪೇಟೆಗೆ ಬಂದದ್ದು 1936ರ ಹೊತ್ತಿಗೆ. 1920ರ ದಶಕದ್ದೆನ್ನುವ ಇಂಜಿನ್ನಿನಲ್ಲಿ ಅದು ಕಂಡರೆ ಆಮೇಲೆ ಯಾರೋ ಕೈಯಾಡಿಸಿದ್ದಾರೆ ಎಂದೇ ಅರ್ಥ. ರಟ್ಟಿನ ಪೆಟ್ಟಿಗೆಯನ್ನು ಕತ್ತಲೆ ಕೋಣೆಗೆ ಒಯ್ದು ನೇರಳಾತೀತ ಬೆಳಕಿನ ಟಾರ್ಚ್ ಬಿಡುತ್ತಾರೆ. ಕಾಗದಕ್ಕೆ ಮಿಂಚು ಬಿಳುಪು ಕೊಡುವ ರಾಸಾಯನಿಕಗಳು ಎಲ್ಲೆಡೆ ಬಳಕೆಗೆ ಬಂದದ್ದು ಸುಮಾರು 1950ರಿಂದ ಈಚೆಗೆ. ಅವು ಬೆರೆತ ಕಾಗದ ಆ ಬೆಳಕಿಗೆ ನೀಲಿಯಾಗಿ ಹೊಳೆಯುತ್ತದೆ. 1930ರ ಲೇಬಲ್ಲು ಹಾಗೆ ಹೊಳೆದರೆ ಅದು 1930ರದ್ದಲ್ಲ.

ಚಕ್ರದ್ದು ಇನ್ನೂ ವಿಚಿತ್ರ. ಎರಡು ಮಹಾಯುದ್ಧಗಳ ನಡುವಿನ ಆಟಿಕೆಗಳಲ್ಲಿ ಸತುವಿನ ಎರಕ ಬಳಸುತ್ತಿದ್ದರು. ಎರಕಕ್ಕೆ ಸೀಸ ಒಂದಿಷ್ಟು ಬೆರೆತರೂ ಸಾಕು, ವರ್ಷಗಳು ಕಳೆದಂತೆ ಲೋಹ ಒಳಗಿಂದಲೇ ಊದಿಕೊಂಡು, ಬಿರಿದು, ಕೊನೆಗೆ ಹೆಂಟೆಯಂತೆ ಪುಡಿಯಾಗುತ್ತದೆ. ಹಾಗಾಗಿ ಬಿರುಕುಬಿಟ್ಟ ಚಕ್ರ ಕಂಡರೆ ಸಂಗ್ರಾಹಕನಿಗೆ ಸಮಾಧಾನ, ನುಣ್ಣನೆಯ ಚಕ್ರ ಕಂಡರೆ ಸಂಶಯ.

ಇಷ್ಟೆಲ್ಲ ಮಾಡಿದರೂ ‘ಇದು ಅಸಲಿ’ ಎಂದು ನೇರವಾಗಿ ಹೇಳುವ ಪರೀಕ್ಷೆ ಇದರಲ್ಲಿ ಒಂದೂ ಇಲ್ಲ. ಒಂದೊಂದೂ ಸುಳ್ಳನ್ನು ಹುಡುಕುವ ಪರೀಕ್ಷೆಯೇ. ಸ್ಟಾರ್ ಸ್ಕ್ರೂ ಇಲ್ಲವೆಂದ ಮಾತ್ರಕ್ಕೆ ಇಂಜಿನ್ ಹಳೆಯದಾಗಲಿಲ್ಲ. ಹಳೆಯ ಸ್ಕ್ರೂ ಜೋಡಿಸಿಟ್ಟ ಜಾಣನೂ ಇರಬಹುದು. ಬಿರುಕನ್ನೂ ಬೇಕೆಂದೇ ಮಾಡಬಹುದು. ತಜ್ಞ ಕೊನೆಗೆ ‘ಅಸಲಿ’ ಎಂದು ಬರೆದು ಕೊಡುವುದರ ಪೂರ್ತಿ ಅರ್ಥ, ‘ಹುಡುಕಿದೆ, ತಪ್ಪು ಸಿಗಲಿಲ್ಲ’ ಎಂಬಷ್ಟೇ.

7ನೇ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟ ಶ್ಲೋಕವಾರ್ತಿಕದಲ್ಲಿ ಹಿಡಿದ ನಿಲುವು ಇದಕ್ಕೆ ತೀರ ಹತ್ತಿರದ್ದು. ಅವನ ಪ್ರಕಾರ ಜ್ಞಾನ ಹುಟ್ಟುತ್ತಲೇ ಪ್ರಮಾಣವಾಗಿ ಹುಟ್ಟುತ್ತದೆ. ಅದರ ನಿಜಕ್ಕೆ ಹೊರಗಿನ ಜಾಮೀನು ಬೇಕಿಲ್ಲ. ಇದನ್ನೇ ಸ್ವತಃ ಪ್ರಾಮಾಣ್ಯ ಎನ್ನುತ್ತಾರೆ. ಸುಳ್ಳು ಬಯಲಾಗುವುದಕ್ಕೆ ಮಾತ್ರ ಹೊರಗಿನ ಕಾರಣ ಬೇಕು, ಅದೂ ಎರಡೇ ದಾರಿಯಲ್ಲಿ: ಅದನ್ನು ತಳ್ಳಿಹಾಕುವ ಇನ್ನೊಂದು ಜ್ಞಾನ ಹುಟ್ಟಬೇಕು, ಇಲ್ಲವೆ ಅದು ಬಂದ ಮೂಲದಲ್ಲೇ ದೋಷವಿದೆಯೆಂದು ತಿಳಿಯಬೇಕು. ಮೊದಲನೆಯದು ಬಾಧಕ, ಎರಡನೆಯದು ಕಾರಣದೋಷ. ನೀಲಿಯಾಗಿ ಹೊಳೆದ ಲೇಬಲ್ಲು ಬಾಧಕ. ಮಾರುವವನು ಹಿಂದೆ ಇಂಥದೇ ಹತ್ತು ಇಂಜಿನ್ ಮಾರಿ ಸಿಕ್ಕಿಬಿದ್ದವನೆಂದು ತಿಳಿದರೆ ಅದು ಕಾರಣದೋಷ. ಕುಮಾರಿಲನಿಗೆ ಬೇಕಿದ್ದದ್ದು ವೇದದ ರಕ್ಷಣೆ. ವೇದಕ್ಕೆ ಕರ್ತೃವೇ ಇಲ್ಲವೆಂದಮೇಲೆ ಕರ್ತೃವಿನ ದೋಷವೆಲ್ಲಿಂದ, ಸ್ವರ್ಗದ ಮಾತನ್ನು ತಳ್ಳಿಹಾಕುವ ಪ್ರತ್ಯಕ್ಷವೆಲ್ಲಿಂದ ಎಂಬುದು ಅವನ ವಾದದ ಕೊನೆಯ ನಡೆ. ಆ ನಡೆಯನ್ನು ಒಪ್ಪದವರೂ ಮೊದಲಿನ ನಡೆಗಳನ್ನು ಸುಲಭಕ್ಕೆ ತಳ್ಳಿಹಾಕಲಾರರು.

ಏಕೆಂದರೆ ನಿಜಕ್ಕೆ ಹೊರಗಿನ ಜಾಮೀನು ಬೇಕೆನ್ನುವ ಎದುರು ಪಕ್ಷದ ದಾರಿಯಲ್ಲಿ ಒಂದು ಗುಂಡಿ ಇದೆ. ಇಂಜಿನ್ ಅಸಲಿ ಎನ್ನಲು ಪ್ರಮಾಣಪತ್ರ ಬೇಕು. ಪತ್ರ ಅಸಲಿ ಎನ್ನಲು ಅದರ ಮೇಲಿನ ಸಹಿಯನ್ನು ಗುರುತಿಸುವವರು ಬೇಕು. ಅವರು ನಂಬಿಗಸ್ತರು ಎನ್ನಲು ಮತ್ತೊಬ್ಬರು. ಶಾಸ್ತ್ರದವರು ಇದಕ್ಕೆ ಅನವಸ್ಥೆ ಎನ್ನುತ್ತಾರೆ. ಸಂಶಯ ಎದ್ದಾಗ ಪರೀಕ್ಷೆ ಮಾಡು, ಆದರೆ ಮೂರು ನಾಲ್ಕು ಜ್ಞಾನಗಳ ಆಚೆ ಹೋಗಬೇಕಾದ ಅಗತ್ಯವಿಲ್ಲ ಎಂದು ಕುಮಾರಿಲನೇ ಒಂದು ಲೆಕ್ಕ ಕೊಟ್ಟಿದ್ದಾನೆ. ಅಷ್ಟು ಕಟ್ಟುನಿಟ್ಟಿನ ತಾರ್ಕಿಕನ ಬಾಯಲ್ಲಿ ಈ ‘ಮೂರು ನಾಲ್ಕು’ ಕೇಳಲು ಸೊಗಸಾಗಿದೆ. ಸಂತೆಯಲ್ಲಿ ಎತ್ತು ಕೊಳ್ಳುವ ರೈತನೂ ಹಲ್ಲು, ಗೊರಸು, ನಡಿಗೆ ನೋಡಿ ಅಷ್ಟಕ್ಕೇ ನಿಲ್ಲಿಸುತ್ತಾನೆ.

ನೈಯಾಯಿಕರು, ಅಂದರೆ ನ್ಯಾಯದರ್ಶನದವರು, ಇದನ್ನು ಒಪ್ಪಲಿಲ್ಲ. ಜ್ಞಾನ ಹುಟ್ಟುವಾಗಲೇ ನಿಜವೆಂಬ ಮುದ್ರೆ ಹೊತ್ತು ಬರುವುದಾದರೆ ‘ಇದು ನಿಜವೋ ಸುಳ್ಳೋ’ ಎಂಬ ಸಂಶಯ ಯಾರಿಗೂ ಬರಬಾರದಿತ್ತಲ್ಲ? ಆದರೆ ಬರುತ್ತದೆ. ಆದ್ದರಿಂದ ಪ್ರಾಮಾಣ್ಯ ಹೊರಗಿನಿಂದಲೇ ತಿಳಿಯಬೇಕು, ಪರತಃ. ಹೇಗೆ? ಕೆಲಸಕ್ಕೆ ಬಂದದ್ದರಿಂದ. ದೂರದಲ್ಲಿ ನೀರು ಕಂಡಿತು. ಹೋದ, ಕುಡಿದ, ದಾಹ ತೀರಿತು. ಹಾಗಾದರೆ ಕಂಡದ್ದು ನೀರೇ, ಬಿಸಿಲ್ಗುದುರೆಯಲ್ಲ. 14ನೇ ಶತಮಾನದ ಮಿಥಿಲೆಯ ಗಂಗೇಶ ತತ್ತ್ವಚಿಂತಾಮಣಿಯಲ್ಲಿ ಈ ಚರ್ಚೆಯನ್ನು ಎಳೆಎಳೆಯಾಗಿ ಬಿಡಿಸಿದ. ಅವನಿಗೆ ಉತ್ತರ ಹೋದದ್ದು ಕನ್ನಡ ನಾಡಿನಿಂದ. ವಿಜಯನಗರದ ವ್ಯಾಸರಾಯರು ತರ್ಕತಾಂಡವದಲ್ಲಿ ಗಂಗೇಶನ ಮಾತುಗಳನ್ನೇ ಎತ್ತಿಕೊಂಡು ಖಂಡಿಸುತ್ತಾರೆ. ಅವರ ಮಾಧ್ವ ಪಕ್ಷದಲ್ಲಿ ಪ್ರಾಮಾಣ್ಯವನ್ನು ಹಿಡಿಯುವುದು ಒಳಗಿನ ಸಾಕ್ಷಿ; ಪರೀಕ್ಷೆಗೆ ಇರುವ ಕೆಲಸ ಸಂಶಯದ ಕಸ ಗುಡಿಸುವುದು ಮಾತ್ರ. ವ್ಯಾಸರಾಯರು 1539ರಲ್ಲಿ ತೀರಿಕೊಂಡರು, ಆನೆಗೊಂದಿಯ ನವಬೃಂದಾವನದಲ್ಲಿ ಅವರ ಬೃಂದಾವನವಿದೆ. ಅಲ್ಲಿ ಪ್ರದಕ್ಷಿಣೆ ಹಾಕುವ ಎಷ್ಟೋ ಜನರಿಗೆ ಅವರು ದೇವರನಾಮ ಬರೆದ ದಾಸರಾಗಿ ಗೊತ್ತು, ಈ ಪಟ್ಟಿನ ಮಲ್ಲರಾಗಿ ಅಲ್ಲ.

ನ್ಯಾಯದವರ ನೀರಿನ ಪರೀಕ್ಷೆ ನೀರಿಗೆ ಸರಿ. ಹಳೆಯ ಇಂಜಿನ್ನಿಗೆ ಅದು ನಡೆಯುವುದಿಲ್ಲ. ಕೀಲಿ ಕೊಟ್ಟರೆ ನಕಲಿಯೂ ಓಡುತ್ತದೆ, ಹೊಸ ಸ್ಪ್ರಿಂಗಿನ ದೆಸೆಯಿಂದ ಅಸಲಿಗಿಂತ ಚೆನ್ನಾಗಿಯೇ ಓಡೀತು. ಸಂಗ್ರಾಹಕ ಕೇಳುತ್ತಿರುವುದು ಅದು ಏನು ಮಾಡುತ್ತದೆ ಎಂದಲ್ಲ, ಅದು ಎಲ್ಲಿಂದ ಬಂತು ಎಂದು. ಕಳೆದುಹೋದ ಕಾಲವನ್ನು ಕುಡಿದು ನೋಡಲಾಗದು. ಉಳಿಯುವ ದಾರಿ ಎರಡೇ. ಒಂದು ಗುರುತಿನಿಂದ ಮಾಡುವ ಅನುಮಾನ, ಇನ್ನೊಂದು ಬಲ್ಲವರ ಮಾತು, ಅಂದರೆ ಶಬ್ದ.

ಗುರುತಿನ ಪಾಡು ಏನೆಂದು ತಿಳಿಯಲು ಇದೇ ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮಕ್ಕೆ ಹೋದರೆ ಸಾಕು. ವಚನಕ್ಕೆ ಅಂಕಿತವೇ ಮುದ್ರೆ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರದು. ಆದರೆ ಹೊಗೆ ಬೆಂಕಿಯನ್ನು ಬಿಟ್ಟಿರಲಾರದು, ಅಂಕಿತ ವಚನಕಾರನನ್ನು ಬಿಟ್ಟಿರಬಲ್ಲದು. ಶತಮಾನಗಳ ಉದ್ದಕ್ಕೂ ಯಾರು ಬೇಕಾದರೂ ನಾಲ್ಕು ಸಾಲು ಕಟ್ಟಿ ಕೊನೆಗೆ ಆ ಹೆಸರು ಸೇರಿಸಬಹುದಿತ್ತು, ಸೇರಿಸಿದ್ದಾರೆ ಕೂಡ. ವಿಜಯಪುರದಲ್ಲಿ ಕೂತು ತಾಡೋಲೆಗಳನ್ನು ಗುಡ್ಡೆಹಾಕಿದ ಫ. ಗು. ಹಳಕಟ್ಟಿಯವರಿಂದ ಹಿಡಿದು ಸಮಗ್ರ ವಚನ ಸಂಪುಟಗಳ ಎಂ. ಎಂ. ಕಲಬುರ್ಗಿಯವರವರೆಗೆ ಎಲ್ಲ ಸಂಪಾದಕರೂ ಪ್ರಕ್ಷಿಪ್ತಗಳೊಂದಿಗೆ ಗುದ್ದಾಡಿದವರೇ. ಅದರ ತಿರುವುಮುರುವು ಪ್ರಸಂಗವೂ ನಡೆಯಿತು. ಮಾತೆ ಮಹಾದೇವಿಯವರು ಬಸವಣ್ಣನವರ ವಚನಗಳ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿ ಅಚ್ಚು ಹಾಕಿಸಿದಾಗ ರಾಜ್ಯ ಸರ್ಕಾರ 1998ರಲ್ಲಿ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿತು. 2017ರಲ್ಲಿ ಸುಪ್ರೀಂ ಕೋರ್ಟು ಆ ಕ್ರಮವನ್ನು ಎತ್ತಿಹಿಡಿಯಿತು. ವಚನದ ಒಡಲು ಹಾಗೇ ಇದ್ದು ಮುದ್ರೆ ಬದಲಾದರೆ ವಚನ ಅದೇ ಉಳಿಯುತ್ತದೆಯೇ ಎಂಬ ಪ್ರಶ್ನೆ ಅಲ್ಲಿ ಮಠದಿಂದ ನ್ಯಾಯಾಲಯದವರೆಗೆ ನಡೆದು ಹೋಯಿತು.

ಇನ್ನು ಬಲ್ಲವರ ಮಾತು, ಹಳೆಯ ಕಾಗದ. ಮುಧೋಳಕ್ಕೆ ಇದರದೇ ದೊಡ್ಡ ಕಥೆಯಿದೆ. ಘೋರ್ಪಡೆ ಮನೆತನದ ಸಂಗ್ರಹದಲ್ಲಿ ಬಹಮನಿ ಮತ್ತು ಆದಿಲಶಾಹಿ ಸುಲ್ತಾನರ ಹೆಸರಿನ ಪರ್ಷಿಯನ್ ಫರ್ಮಾನುಗಳಿದ್ದವು. ದ. ವಿ. ಆಪಟೆಯವರು 1934ರಲ್ಲಿ ಮರಾಠಿಯಲ್ಲಿ ಪ್ರಕಟಿಸಿದ ಮನೆತನದ ಇತಿಹಾಸದಿಂದ ಅವು ಬೆಳಕಿಗೆ ಬಂದವು. ಅವುಗಳಲ್ಲಿ 1471ರದೆನ್ನುವ ಒಂದರಲ್ಲಿ ಘೋರ್ಪಡೆ ಎಂಬ ಬಿರುದಿನ ಹುಟ್ಟು ಇದೆ: ಖೇಳಣಾ ಕೋಟೆಯ ಗೋಡೆಗೆ ಉಡವನ್ನು (ಮರಾಠಿಯಲ್ಲಿ ಘೋರ್ಪಡ) ಬಿಟ್ಟು, ಅದರ ಹಗ್ಗ ಹಿಡಿದು ಮೇಲೇರಿದ ಸಾಹಸಕ್ಕೆ ಸಿಕ್ಕ ಮಾನ. ಘೋರ್ಪಡೆಯವರೂ ಭೋಸಲೆಯವರೂ ಮೇವಾಡದ ಒಂದೇ ಬೇರಿನವರೆಂಬ ವಂಶಾವಳಿಗೆ ಈ ಕಾಗದಗಳು ಆಧಾರವಾದವು. ಅಲ್ಲಿಗೆ ವಿದ್ವಾಂಸರಲ್ಲಿ ಎರಡು ಪಂಗಡವಾಯಿತು. ಕೆಲವರು ಕಾಗದಗಳನ್ನು ನಂಬಿ ಇತಿಹಾಸ ಕಟ್ಟಿದರು, ಕೆಲವರು ಕೈಯಾಡಿಸಿದ ಕಾಗದಗಳೆಂದು ಬದಿಗಿಟ್ಟರು.

ಫರ್ಮಾನಿನ ಪರೀಕ್ಷೆಯೂ ಇಂಜಿನ್ನಿನ ಪರೀಕ್ಷೆಯಂತೆಯೇ. ಹಿಜರಿ ತಾರೀಖು ಆ ಸುಲ್ತಾನನ ಆಳ್ವಿಕೆಯೊಳಗೆ ಬೀಳುತ್ತದೆಯೇ, ಮೊಹರಿನ ಅಕ್ಷರ ಆ ಕಾಲದ್ದೇ, ಅಲ್ಲಿ ಬರುವ ಸರದಾರ ಅಷ್ಟರಲ್ಲಿ ಸತ್ತಿರಲಿಲ್ಲ ತಾನೇ? ಎಲ್ಲವೂ ಬಾಧಕದ ಹುಡುಕಾಟ. ಕಾರಣದೋಷದ ಆಕ್ಷೇಪವೂ ಏಳುತ್ತದೆ: ಲಾಭ ಯಾರಿಗೋ ಅವರ ಮನೆಯಲ್ಲೇ ಕಾಗದ ಸಿಕ್ಕಿತಲ್ಲ! ಈ ಆಕ್ಷೇಪಕ್ಕೆ ಅಷ್ಟು ತೂಕ ಕೊಡುವುದು ಸರಿಯಲ್ಲ. ಇನಾಮಿನ ಕಾಗದ ಇನಾಮುದಾರನ ಮನೆಯಲ್ಲಲ್ಲದೆ ಮತ್ತೆಲ್ಲಿ ಇರಬೇಕು? ಅಟ್ಟದ ಇಂಜಿನ್ ಮುತ್ತ್ಯಾನ ಅಟ್ಟದಲ್ಲೇ ಸಿಗಬೇಕಲ್ಲವೇ? ಸ್ವಾರ್ಥವಿದೆ ಎಂಬುದು ಸಂಶಯಕ್ಕೆ ಬಾಗಿಲು ತೆರೆಯಬಹುದು, ಸುಳ್ಳೆಂದು ತೀರ್ಪು ಕೊಡಲಾರದು.

ಇಲ್ಲೊಂದು ಹೊಂದಿಕೆ ಕುತೂಹಲದ್ದು. 1674ರಲ್ಲಿ ಅದೇ ಭೋಸಲೆ ಮನೆತನದ ಶಿವಾಜಿ ಮಹಾರಾಜರ ವಂಶಾವಳಿಯನ್ನು ಒಪ್ಪಿ ರಾಯಗಡದಲ್ಲಿ ಪಟ್ಟಾಭಿಷೇಕ ನಡೆಸಿದ ಕಾಶಿಯ ಗಾಗಾಭಟ್ಟರು ಕುಮಾರಿಲನ ಪಂಥದ ಮೀಮಾಂಸಕರೇ. ಭಾಟ್ಟಚಿಂತಾಮಣಿ ಅವರ ಗ್ರಂಥ.

ಪುರಾವೆಯ ಹೊರೆ ಯಾರ ಮೇಲೆ ಎಂಬುದು ಬರೀ ತರ್ಕದ ಮಾತಲ್ಲ, ಹೊಟ್ಟೆಯ ಮಾತೂ ಹೌದು. 1852ರ ಕಾಯ್ದೆ ಇನಾಮ್ ಕಮಿಷನ್ನಿಗೆ ಅಧಿಕಾರ ಕೊಟ್ಟಾಗ, ದಖ್ಖನ್ನಿನಲ್ಲೂ ದಕ್ಷಿಣ ಮರಾಠಾ ಸೀಮೆಯಲ್ಲೂ ತಲೆತಲಾಂತರದಿಂದ ಉಂಡುಕೊಂಡು ಬಂದವರು ಒಮ್ಮೆಗೇ ತಮ್ಮ ಹಕ್ಕನ್ನು ಕಾಗದದಲ್ಲಿ ತೋರಿಸಬೇಕಾಯಿತು. ಅಲ್ಲಿಯವರೆಗೆ ನಡೆದುಬಂದದ್ದೇ ಪ್ರಮಾಣ. ಅಂದಿನಿಂದ ಸನದು ತೋರಿಸಿದರೆ ಪ್ರಮಾಣ. ಸನದು ಗೆದ್ದಲು ತಿಂದಿದ್ದರೆ ಇನಾಮು ಹೋಯಿತು. ಮೀಮಾಂಸಕರ ನಿಲುವು ಹಿಡಿದುಕೊಂಡವನಿಗೆ ಅನುಕೂಲ, ನ್ಯಾಯದ ನಿಲುವು ಕೇಳುವವನಿಗೆ ಅನುಕೂಲ. ಸರ್ಕಾರಗಳು ಸಾಮಾನ್ಯವಾಗಿ ನೈಯಾಯಿಕರಾಗಿರುವುದು ಇದೇ ಕಾರಣಕ್ಕೆ ಇರಬಹುದು.

ಇವೆರಡರ ನಡುವೆ ಮೂರನೆಯ ಮಾತೊಂದಿದೆ, ಅದು ಜೈನರದು. ಮಾಣಿಕ್ಯನಂದಿಯ ಪರೀಕ್ಷಾಮುಖದ ಪ್ರಕಾರ ಪ್ರಾಮಾಣ್ಯ ಕೆಲವೆಡೆ ತಾನಾಗಿಯೇ ತಿಳಿಯುತ್ತದೆ, ಕೆಲವೆಡೆ ಬೇರೊಂದರಿಂದ ತಿಳಿಯುತ್ತದೆ. ಪಳಗಿದ ವಿಷಯದಲ್ಲಿ ಸ್ವತಃ, ಪಳಗದ ವಿಷಯದಲ್ಲಿ ಪರತಃ ಎಂದು ವ್ಯಾಖ್ಯಾನಕಾರರು ಬಿಡಿಸಿದರು. ತನ್ನ ಊರಿನ ಕೆರೆಯ ನೀರನ್ನು ಯಾರೂ ಪರೀಕ್ಷಿಸಿ ಕುಡಿಯುವುದಿಲ್ಲ. ಪರವೂರಿನಲ್ಲಿ ಕಪ್ಪೆಯ ಸದ್ದು, ತಂಗಾಳಿ, ಹೂವಿನ ವಾಸನೆ ನೋಡಿ ಊಹಿಸಬೇಕಾಗುತ್ತದೆ. ನಿಜದ ಅರಿವಿನ ಲೆಕ್ಕಕ್ಕೆ ಅರಿಯುವವನ ರೂಢಿಯನ್ನೂ ತಂದದ್ದು ಈ ಮಾತಿನ ಹೆಚ್ಚುಗಾರಿಕೆ. ಮುಧೋಳದ ಮಣ್ಣಿಗೆ ಇದು ಪರಕೀಯವಲ್ಲ. ಬಳೆಗಾರರ ಮನೆಯಲ್ಲಿ ಹುಟ್ಟಿ, ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣ ಬರೆದ ರನ್ನ ಈ ಊರಿನ ಜೈನ. ಅದೇ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಮಾಡಿಸಿ ಹಂಚಿದಳು. ಆ ಸಾವಿರವೂ ನಕಲೇ, ಆದರೆ ಒಂದನ್ನೂ ಯಾರೂ ನಕಲಿ ಎನ್ನಲಿಲ್ಲ. ಕವಿಯದೇ ಕೈಬರಹ ಬೇಕೆಂದು ಹಟ ಹಿಡಿಯುವುದು ಸಂಗ್ರಾಹಕನ ಚಟ. ಓದುಗನಿಗೆ, ಭಕ್ತನಿಗೆ ಪಾಠ ಶುದ್ಧವಾಗಿದ್ದರೆ ಆಯಿತು.

ಜೈನರ ಮಾತಿನ ತೂಕ ತಿಳಿಯಲು ರಬಕವಿ–ಬನಹಟ್ಟಿಯ ಜವಳಿ ಅಂಗಡಿಗಳೇ ಸಾಕು. ಕೈಮಗ್ಗದ ಊರುಗಳಿವು, ಈಗ ಹೆಚ್ಚಿಗೆ ಪವರ್‌ಲೂಮಿನ ಸದ್ದು. ಹೊರಗಿನಿಂದ ಬಂದ ಗಿರಾಕಿ ‘ಇದು ಕೈಮಗ್ಗದ್ದೇನ್ರಿ?’ ಎಂದು ಕೇಳಿ, 2006ರಿಂದ ಚಾಲ್ತಿಗೆ ಬಂದ ಹ್ಯಾಂಡ್‌ಲೂಮ್ ಮಾರ್ಕಿನ ಚೀಟಿ ಹುಡುಕುತ್ತಾನೆ. ಅವನದು ಪರತಃ. ಮಗ್ಗದ ಮನೆಯಲ್ಲಿ ಬೆಳೆದ ಹೆಂಗಸು ಚೀಟಿಯತ್ತ ನೋಡುವುದೇ ಇಲ್ಲ. ಇಳಕಲ್ ಮಾದರಿಯ ಸೀರೆಯಾದರೆ ಸೆರಗು ಶುರುವಾಗುವ ಕಡೆ ಹಿಂಬದಿಗೆ ತಿರುಗಿಸಿ ಬೆರಳಾಡಿಸುತ್ತಾಳೆ. ಮೈ ಹಾಸಿನ ಒಂದೊಂದು ಎಳೆಯನ್ನೂ ಸೆರಗಿನ ರೇಶಿಮೆ ಎಳೆಗೆ ಕೊಂಡಿ ಹಾಕಿ ಸೇರಿಸಿದ್ದರೆ ಅಲ್ಲಿ ಒಂದು ಸಣ್ಣ ಏಣು ಬೆರಳಿಗೆ ತಾಕುತ್ತದೆ. ಸಾವಿರಾರು ಎಳೆಗಳ ಆ ಕೊಂಡಿಯ ಕೆಲಸ ಕೈಯದೇ. ಅವಳು ಅನುಮಾನದ ಮೆಟ್ಟಿಲು ಹತ್ತಿ ನಿರ್ಣಯಕ್ಕೆ ಬರುವುದಿಲ್ಲ, ಮುಟ್ಟಿದ್ದೇ ಗೊತ್ತಾಯಿತು.

ಹಾಗೆಂದು ಪಳಗಿದ ಕೈಗೆ ಎಲ್ಲ ಬಿಟ್ಟುಕೊಡಲೂ ಆಗದು. ಡಚ್ ಚಿತ್ರಕಲೆಯಲ್ಲಿ ಅಬ್ರಹಾಂ ಬ್ರೇಡಿಯಸ್‌ಗಿಂತ ಪಳಗಿದ ಕಣ್ಣು ಅವನ ಕಾಲದಲ್ಲಿ ಇನ್ನೊಂದಿರಲಿಲ್ಲ. 1937ರಲ್ಲಿ ಅವನು ವರ್ಮೀರನ ಅತ್ಯುತ್ತಮ ಕೃತಿಯೆಂದು ಹಾಡಿ ಹೊಗಳಿದ ಚಿತ್ರ, ಹಾನ್ ವಾನ್ ಮೇಗೆರೆನ್ ಎಂಬವನು ಬರೆದು, ಒಲೆಯಲ್ಲಿ ಕಾಯಿಸಿ, ಬಿರುಕು ಮೂಡಿಸಿದ್ದು. ಅದು ಬಯಲಾದದ್ದೂ ತಜ್ಞರಿಂದಲ್ಲ. ಯುದ್ಧ ಮು­ಗಿದ ಮೇಲೆ ನಾಜಿಗಳಿಗೆ ದೇಶದ ಸೊತ್ತಾದ ವರ್ಮೀರನನ್ನು ಮಾರಿದನೆಂದು ಮೇಗೆರೆನ್ ಮೇಲೆ ಆರೋಪ ಬಂತು. ಪ್ರಾಣ ಉಳಿಸಿಕೊಳ್ಳಲು ಅವನು ‘ಅದು ನಾನೇ ಬರೆದದ್ದು’ ಎಂದ. ಯಾರೂ ನಂಬದಿದ್ದಾಗ ಕಾವಲುಗಾರರ ಎದುರೇ ಇನ್ನೊಂದು ಬರೆದು ತೋರಿಸಿದ. ನಕಲಿ ಎಂಬುದನ್ನು ನಕಲಿ ಮಾಡಿದವನೇ ಸಾಬೀತು ಮಾಡಬೇಕಾಗಿ ಬಂದ ಪ್ರಸಂಗ ಇದು. ಕುಮಾರಿಲ ಕೇಳಿದ್ದರೆ ನಕ್ಕಾನು.

ಮೊದಲ ಹಾರ್ನ್‌ಬಿ ಇಂಜಿನ್ನುಗಳ ಬಗ್ಗೆ ಒಂದು ವಿಷಯ ಉಳಿದಿದೆ. ಅವು ಮೆಕ್ಯಾನೊ ಆಟಿಕೆಯಂತೆ ನಟ್ಟು ಬೋಲ್ಟು ಬಿಚ್ಚಿ ಮತ್ತೆ ಜೋಡಿಸಲೆಂದೇ ಮಾಡಿದವು. ಮಕ್ಕಳು ಬಿಚ್ಚುತ್ತಿದ್ದರು, ಕಳೆದುಹೋದ ಭಾಗವನ್ನು ಅಂಗಡಿಯಿಂದ ತರಿಸಿ ಹಾಕುತ್ತಿದ್ದರು. ದೊಡ್ಡ ರೈಲಿನಲ್ಲೂ ಅದೇ ಪದ್ಧತಿ. ವರ್ಕ್‌ಶಾಪಿಗೆ ಬಂದ ಹಬೆ ಇಂಜಿನ್ನಿಗೆ ಇನ್ನೊಂದರ ಬಾಯ್ಲರ್ ಕೂರಿಸಿ ಕಳಿಸುವುದು ವಾಡಿಕೆ. 1855ರ ಫೇರಿ ಕ್ವೀನ್ ಇಂಜಿನ್ ಪೆರಂಬೂರಿನ ಕಾರ್ಖಾನೆಯಲ್ಲಿ ದುರಸ್ತಿಯಾಗಿ ಹೊರಬಂದಾಗ ಅದರ ವಯಸ್ಸನ್ನು ಯಾರೂ ಕಡಿಮೆ ಮಾಡಲಿಲ್ಲ. ಬೀಳಗಿ ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟವರು ಹೊಸ ಜಾಗಕ್ಕೆ ಹಳೆಯ ಹೆಸರನ್ನೇ ಒಯ್ದರು, ದೇವರನ್ನೂ ಒಯ್ದರು. ಮಣ್ಣು ಬೇರೆ, ಗೋಡೆ ಬೇರೆ, ಜಾತ್ರೆ ಮಾತ್ರ ಅದೇ. ಅದು ಅಸಲಿ ಊರೇ ಎಂದು ಅವರನ್ನು ಕೇಳಿದವನಿಗೆ ಪರಿಹಾರದ ಕಚೇರಿಯ ಗುಮಾಸ್ತನೆಂಬ ಹೆಸರು ಬಂದೀತು. ಹಾಗಾಗಿ ಪ್ರಾಮಾಣಿಕ ತಜ್ಞ ಇಂಜಿನ್ನಿನ ಚೀಟಿಯಲ್ಲಿ ಅಸಲಿ, ನಕಲಿ ಎಂಬ ಎರಡೇ ಕಲಮು ಇಡುವುದಿಲ್ಲ. ಒಡಲು ಆ ಕಾಲದ್ದು, ಚಕ್ರ ಬದಲಾದದ್ದು, ಬಣ್ಣ ಮರುಬಳಿದದ್ದು, ಪೆಟ್ಟಿಗೆ ಬೇರೆಯದು ಎಂದು ಬಿಡಿಬಿಡಿಯಾಗಿ ಬರೆಯುತ್ತಾನೆ.

ಚೀಟಿಗಳ ವಿಷಯಕ್ಕೆ ಬಂದರೆ ಮುಧೋಳದ ನಾಯಿಯನ್ನು ಬಿಡುವಂತಿಲ್ಲ. ರಾಜಾ ಮಾಲೋಜಿರಾವ್ ಘೋರ್ಪಡೆಯವರು ದೊರೆ ಐದನೇ ಜಾರ್ಜ್‌ಗೆ ಉಡುಗೊರೆ ಕೊಟ್ಟ, 2005ರಲ್ಲಿ ಅಂಚೆ ಚೀಟಿಯೇರಿದ, ಮುಧೋಳದ ಬಳಿಯ ತಿಮ್ಮಾಪುರದ ಕೇಂದ್ರದಲ್ಲಿ ತಳಿ ಸಂವರ್ಧನೆಯಾಗುತ್ತಿರುವ ನಾಯಿ ಇದು. ಈಗ ಅದರ ಮರಿಗೆ ತಂದೆ ತಾಯಿಯ ಹೆಸರಿನ ನೋಂದಣಿ ಕಾಗದ ಕೇಳುತ್ತಾರೆ, ಆ ತಂದೆ ತಾಯಿಗೂ ಕಾಗದ ಇರಬೇಕು. ಯಾವುದೇ ತಳಿಯ ಈ ಕಾಗದದ ಸರಪಳಿಯನ್ನು ಹಿಂದಕ್ಕೆ ಎಳೆಯುತ್ತ ಹೋದರೆ ಕೊನೆಗೆ ಕಾಗದವೇ ಇಲ್ಲದ ಒಂದು ನಾಯಿ ಸಿಗುತ್ತದೆ. ಅದನ್ನು ಬಲ್ಲ ಒಬ್ಬರು ಅದರ ಉದ್ದನೆಯ ಮೂತಿ, ಆಳವಾದ ಎದೆ, ಒಳಸೇರಿದ ಹೊಟ್ಟೆ, ಸಣ್ಣ ಕಾಲು ನೋಡಿ, ಓಡಿಸಿ, ಇದೇ ಎಂದು ಬರೆದುಕೊಂಡಿರುತ್ತಾರೆ. ಅದರ ಅಪ್ಪ ಯಾರೆಂದು ಅವರು ಕೇಳಿರುವುದಿಲ್ಲ.